“ಬಿತ್ತು” ಎನ್ನುತ್ತಿದ್ದ ಮಗು “ಬೀಳಿತು” ಎನ್ನತೊಡಗಿದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮೂರು ವರ್ಷ ದಾಟಿದ ಹೆಣ್ಣುಮಗುವಿನ ತಾಯಿ ಆತಂಕದಿಂದ ನನ್ನ ಬಳಿ ಸಲಹೆಗೆ ಬಂದಿದ್ದರು. ಆರು ತಿಂಗಳ ಹಿಂದೆ “ಚೆಂಡು ಬಿತ್ತು”, “ಅಮ್ಮ ಕೊಟ್ಲು” ಎಂದು ಸರಿಯಾಗಿ ಹೇಳುತ್ತಿದ್ದವಳು ಈಗ “ಬೀಳಿತು”, “ಕೊಡಿದ್ಲು” ಎನ್ನುತ್ತಿದ್ದಾಳೆ, ಕಲಿತದ್ದು ಮರೆತುಹೋಗುತ್ತಿದೆಯೇ ಎಂಬುದು ಅವರ ಪ್ರಶ್ನೆ. ಅಜ್ಜಿಯಂತೂ ಪ್ರತಿ ತಪ್ಪಿಗೂ ತಡೆದು, ಸರಿಯಾಗಿ ಹೇಳಿಸದೆ ಬಿಡುತ್ತಿರಲಿಲ್ಲ. ಮಗು ಅವರೆದುರು ಮಾತನಾಡುವುದನ್ನೇ ಕಡಿಮೆ ಮಾಡಿತ್ತು. ನನ್ನನ್ನು ಯೋಚನೆಗೆ ಹಚ್ಚಿದ್ದು ಈ ಕೊನೆಯ ಸಂಗತಿ.

ಆಟವಾಡುತ್ತಲೇ ಮಾತನಾಡಿಸಿದೆ. ಉದ್ದದ ವಾಕ್ಯಗಳು, ಹೊಸ ಪದಗಳು, ಕೇಳಿದ್ದಕ್ಕೆ ತಕ್ಕ ಉತ್ತರ, ಎಲ್ಲವೂ ಇದ್ದವು. ಮೊದಲಿನ “ಬಿತ್ತು” ಕೇಳಿದ್ದನ್ನು ಹಾಗೆಯೇ ಒಪ್ಪಿಸಿದ ಮಾತು. ಇಂದಿನ “ಬೀಳಿತು” ಯಾರೂ ಹೇಳಿಕೊಡದ, ಅವಳೇ ಕಟ್ಟಿದ ರೂಪ. ಆಡಿತು, ಓಡಿತು, ಹಾಡಿತು ಎಂಬವುಗಳಿಂದ ನಿಯಮವೊಂದನ್ನು ಹೆಕ್ಕಿಕೊಂಡು ಅದನ್ನು ಬೇರೆ ಕ್ರಿಯಾಪದಗಳ ಮೇಲೂ ಹೂಡಿದ್ದಳು. ಕನ್ನಡದ ಭೂತಕಾಲ ಇಲ್ಲಿ ನಿಜಕ್ಕೂ ತೊಡಕಿನದು: ಮಾಡು, ನೋಡು, ಹಾಡು ಎಂಬ ದೀರ್ಘಸ್ವರದವು ಮಾಡಿದ, ನೋಡಿದ, ಹಾಡಿದ ಎಂದಾದರೆ, ಹ್ರಸ್ವಸ್ವರದ ಕೊಡು, ಇಡು, ಬಿಡು ಎಂಬವು ಕೊಟ್ಟ, ಇಟ್ಟ, ಬಿಟ್ಟ ಎಂದಾಗುತ್ತವೆ. ದಿನವೂ ಆಡುವ ನಾವೇ ಇದನ್ನು ಗಮನಿಸಿರುವುದಿಲ್ಲ.

“ಯಾವಾಗಲೂ ತಪ್ಪೇ” ಎಂಬ ಮನೆಯವರ ದೂರನ್ನು ನಾನು ಪೂರ್ತಿ ಒಪ್ಪಲಿಲ್ಲ. ಇಂಗ್ಲಿಷ್ ಮಾತನಾಡುವ 83 ಮಕ್ಕಳ ಮಾತನ್ನು ಪರಿಶೀಲಿಸಿದ ಮನೋವಿಜ್ಞಾನಿ ಗ್ಯಾರಿ ಮಾರ್ಕಸ್ ಮತ್ತು ಸಂಗಡಿಗರ 1992ರ ಅಧ್ಯಯನದಲ್ಲಿ ಇಂಥ ತಪ್ಪುಗಳ ಪ್ರಮಾಣದ ಮಧ್ಯಾಂಕ (ಮಕ್ಕಳ ಪ್ರಮಾಣಗಳನ್ನು ಕ್ರಮವಾಗಿ ಜೋಡಿಸಿದರೆ ನಟ್ಟನಡುವೆ ಬರುವುದು) ಶೇ. 2.5 ಮಾತ್ರ. ಸರಿಯಾದದ್ದು ಕಿವಿಗೆ ತಾಗದೆ ಜಾರುತ್ತದೆ, ತಪ್ಪು ಮಾತ್ರ ನೆನಪಿನಲ್ಲಿ ನಿಲ್ಲುತ್ತದೆ.

ಮುಂದಿನ ಭೇಟಿಗೆ ಅಜ್ಜಿಯೂ ಬಂದರು. “ನಾವು ತಿದ್ದದೆ ಇನ್ಯಾರು ತಿದ್ದಬೇಕು?” ಎಂದರು. “ತಿದ್ದಿ ಅಮ್ಮಾ, ಆದರೆ ತಡೆಯಬೇಡಿ” ಎಂದೆ. ಮಗು “ಚೆಂಡು ಬೀಳಿತು” ಎಂದರೆ “ಹೌದಾ, ಬಿತ್ತಾ? ಮಂಚದ ಕೆಳಗೆ ಬಿತ್ತಾ?” ಎಂದು ಕೇಳಿ ಮಾತು ಮುಂದುವರಿಸಬೇಕು, ತಿರುಗಿ ಹೇಳಿಸಬಾರದು, ನೆಂಟರೆದುರು ಆ ಮಾತನ್ನು ಆಡಿಸಿ ನಗಬಾರದು ಎಂದು ಸೂಚಿಸಿದೆ. ತಿಂಗಳುಗಟ್ಟಲೆ ಎರಡೂ ರೂಪಗಳು ಬೆರೆತು ಬರಬಹುದೆಂದೂ ತಿಳಿಸಿದೆ.

ಇದ್ದ ಪದಗಳೇ ಕಳೆದುಹೋದರೆ, ಕರೆದರೆ ತಿರುಗದಿದ್ದರೆ, ಮನೆಯವರಿಗೂ ಅವಳ ಮಾತು ಅರ್ಥವಾಗದಿದ್ದರೆ ಕಾಯದೆ ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ಚಿಕಿತ್ಸಕರನ್ನು ಕಾಣಬೇಕು. ಈ ಮಗುವಿಗೆ ಸದ್ಯ ಅದರ ಅಗತ್ಯ ಕಾಣಲಿಲ್ಲ.