ರಿಪೋರ್ಟಿನಲ್ಲಿ ಸ್ಟಾರ್ ಗುರುತು ಕಂಡಾಗ

ಪ್ರಿಯ ಓದುಗರೆ,

ಅಪ್ಪನ ರಕ್ತ ಪರೀಕ್ಷೆಯ ರಿಪೋರ್ಟ್ ಸಂಜೆ ಮೊಬೈಲಿಗೆ ಬಂತು, ಎರಡು ಕಡೆ ಸ್ಟಾರ್ ಗುರುತಿತ್ತು, ಗೂಗಲ್ ಮಾಡಿ ಗಾಬರಿಯಾಗಿ ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಬರೆದಿದ್ದೀರಿ. ಮರುದಿನ ಡಾಕ್ಟರು ‘ಇದನ್ನೆಲ್ಲ ಯಾಕೆ ಹುಡುಕ್ತೀರಿ?’ ಎಂದು ಗದರಿದರಂತೆ. ಹುಡುಕಿದ್ದು ತಪ್ಪಾ ಅಂತ ನಿಮ್ಮ ಪ್ರಶ್ನೆ.

ಖಂಡಿತ ತಪ್ಪಲ್ಲ. ಗದರಿದ್ದು ಮಾತ್ರ ಸರಿಯಲ್ಲ. ಬೈಸಿಕೊಂಡವರು ಹುಡುಕುವುದನ್ನು ಬಿಡುವುದಿಲ್ಲ, ಹುಡುಕಿದ್ದನ್ನು ಡಾಕ್ಟರಿಗೆ ಹೇಳುವುದನ್ನು ಬಿಡುತ್ತಾರೆ. ಅದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಆ ಸ್ಟಾರ್ ಹೇಗೆ ಬೀಳುತ್ತದೆ ಎಂದು ಯಾರಾದರೂ ಹೇಳಿದ್ದರೆ ನಿಮಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ರಿಪೋರ್ಟಿನಲ್ಲಿ ‘ನಾರ್ಮಲ್ ರೇಂಜ್’ ಅಂತ ಇರುತ್ತಲ್ಲ, ಆರೋಗ್ಯವಾಗಿರುವ ತುಂಬಾ ಜನರನ್ನು ಪರೀಕ್ಷಿಸಿ, ನಡುವಿನ 95% ಜನರ ಅಂಕಿ ಎಲ್ಲಿಂದ ಎಲ್ಲಿವರೆಗೆ ಇದೆ ಎಂದು ನೋಡಿ ಸಾಮಾನ್ಯವಾಗಿ ಅದನ್ನು ಗೊತ್ತು ಮಾಡುತ್ತಾರೆ. (ಸಕ್ಕರೆ, ಕೊಲೆಸ್ಟ್ರಾಲ್‌ನಂಥವಕ್ಕೆ ಬೇರೆ ಲೆಕ್ಕವಿದೆ.) ಅಂಕಿ ಈ ರೇಂಜ್‌ನ ಹೊರಗಿದ್ದರೆ ಸ್ಟಾರ್ ಬೀಳುತ್ತದೆ. ಅಂದರೆ ಯಾವ ಕಾಯಿಲೆಯೂ ಇಲ್ಲದ 100 ಜನರಲ್ಲಿ ಸುಮಾರು ಐವರು ಈ ರೇಂಜ್‌ನ ಹೊರಗೇ ಇರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಗಟ್ಟಿಮುಟ್ಟಾಗಿರುವವರಿಗೂ ಒಂದಾದರೂ ಸ್ಟಾರ್ ಬೀಳುವ ಸಾಧ್ಯತೆ ಸುಮಾರು 64%.

ನಿಮ್ಮನ್ನು ಜಾಸ್ತಿ ಹೆದರಿಸಿದ್ದು ಪೊಟ್ಯಾಸಿಯಂ. ರಕ್ತದಲ್ಲಿರುವ ಈ ಖನಿಜ ನಿಜವಾಗಿಯೂ ತುಂಬಾ ಏರಿದರೆ ಹೃದಯಕ್ಕೆ ಅಪಾಯ, ಅದು ಸುಳ್ಳಲ್ಲ. ಆದರೆ ರಕ್ತ ತೆಗೆಯುವಾಗ ಅಥವಾ ಲ್ಯಾಬಿಗೆ ಸಾಗಿಸುವಾಗ ಕೆಂಪು ರಕ್ತಕಣಗಳು ಒಡೆದರೂ, ಅವುಗಳೊಳಗಿನ ಪೊಟ್ಯಾಸಿಯಂ ಹೊರಬಂದು ಅಂಕಿ ಏರುತ್ತದೆ. ಕೆಲವು ಬಿಪಿ ಮಾತ್ರೆಗಳಿಂದಲೂ ಏರುತ್ತದೆ. ಡಾಕ್ಟರು ‘ಇನ್ನೊಂದ್ಸಲ ಮಾಡಿಸಿ’ ಅಂದಿದ್ದು ಬಹುಶಃ ಇದಕ್ಕೇ. ಒಂದು ಮಾತು ಬಿಡಿಸಿ ಹೇಳಿದ್ದರೆ ಸಾಕಿತ್ತು, ಅಲ್ವಾ?

ನೀವು ತೆರೆದ ಪುಟಗಳಲ್ಲಿ ಈ ಕಾರಣಗಳೂ ಇದ್ದಿರಬಹುದು. ಆದರೆ ಕಿಡ್ನಿ ವೈಫಲ್ಯದ ಪಕ್ಕದಲ್ಲೇ, ಅದೇ ಸಾಲಿನಲ್ಲಿ. ಯಾವುದು ಎಷ್ಟು ಜನರಲ್ಲಿ ಕಾಣುತ್ತದೆ ಎಂದು ಅಲ್ಲಿ ಇರುವುದಿಲ್ಲ. ಅಪ್ಪನ ವಯಸ್ಸು, ಮಾತ್ರೆ, ಹಳೆಯ ರಿಪೋರ್ಟು, ಇದ್ಯಾವುದೂ ಆ ಪುಟಕ್ಕೆ ಗೊತ್ತಿಲ್ಲ. ಹಾಗಾಗಿ ಏನೇ ಓದಿದರೂ ‘ಎಷ್ಟು ಜನರಲ್ಲಿ?’ ಎಂದು ಕೇಳಿಕೊಳ್ಳಿ. ‘ಅಪಾಯ ದುಪ್ಪಟ್ಟು’ ಎಂಬ ಸುದ್ದಿಗೆ 10,000ದಲ್ಲಿ ಒಬ್ಬರಿದ್ದದ್ದು ಇಬ್ಬರಾದರೂ ಸಾಕು. ಯುರೋಪಿನಲ್ಲಿ ಔಷಧಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಒಂದು ಅಡ್ಡಪರಿಣಾಮ ‘ಅಪರೂಪ’ ಎಂದಿದ್ದರೆ 1,000ದಲ್ಲಿ ಒಬ್ಬರಿಗಿಂತ ಕಡಿಮೆ ಎಂದರ್ಥ. ಅದೇ ಅಡ್ಡಪರಿಣಾಮ ವೆಬ್ ಪುಟದ ಪಟ್ಟಿಗೆ ಬಂದಾಗ ಆ ಅಂಕಿ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ.

ಎಲ್ಲಿ ಓದಬೇಕು ಎಂದೂ ಕೇಳಿದ್ದೀರಿ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1998ರಿಂದ ನಡೆಸುತ್ತಿರುವ ಮೆಡ್‌ಲೈನ್‌ಪ್ಲಸ್ ರೋಗಿಗಳಿಗಾಗಿಯೇ ಇದೆ. ಜಾಹೀರಾತಿಲ್ಲ, ಒಂದೊಂದು ಲ್ಯಾಬ್ ಪರೀಕ್ಷೆಗೂ ಸರಳ ವಿವರಣೆ ಇದೆ. ಇಂಗ್ಲಿಷಿನಲ್ಲಿದೆ ಎನ್ನುವುದೇ ಕೊರತೆ. ಇಂಥದ್ದು ಕನ್ನಡದಲ್ಲಿ ಬೇಕೇ ಬೇಕು.

ಮುಂದಿನ ಸಲ ಹೋಗುವಾಗ ಅಪ್ಪನ ಮಾತ್ರೆಗಳ ಪಟ್ಟಿ, ಹಳೆಯ ರಿಪೋರ್ಟುಗಳು ಜೊತೆಗಿರಲಿ. ‘ಈ ಅಂಕಿ ಹಿಂದಿನದಕ್ಕಿಂತ ಬದಲಾಗಿದೆಯಾ? ಇದಕ್ಕೆ ಈಗಲೇ ಏನಾದರೂ ಮಾಡಬೇಕಾ?’ ಎಂದು ಕೇಳಿ. ಓದಿದ್ದನ್ನು ಮುಚ್ಚಿಡಬೇಡಿ. ಆದರೆ ಎದೆ ಬಿಗಿದು ನೋವು ಬಂದರೆ, ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ ಹುಡುಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

– ಸಂಪಾದಕ