ಒಳಗೆ ತರುವ ಮೊದಲು ಹೊರಗೆ ಹೋಗುವುದನ್ನು ಎಣಿಸಿ: ಡೆಕ್, ಸೈಡ್‌ಬೋರ್ಡ್ ಪ್ರಶ್ನೋತ್ತರ

ಪ್ರಶ್ನೆ: ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಮಾಡರ್ನ್ ಮಾದರಿಯ ಪಂದ್ಯಗಳಲ್ಲಿ ಕೆಂಪು-ಬಿಳಿ ಬರ್ನ್ ಡೆಕ್ (ಎದುರಾಳಿಯ ಜೀವಕ್ಕೆ ನೇರ ಹಾನಿ ಮಾಡಿ ಬೇಗ ಗೆಲ್ಲುವ ಕಾರ್ಡ್ ಕಟ್ಟು) ಆಡುತ್ತೇನೆ. ಲ್ಯಾಂಡ್ (ಮಾನಾ, ಅಂದರೆ ಕಾರ್ಡ್ ಆಡಲು ತೆರುವ ಬೆಲೆ, ಕೊಡುವ ಕಾರ್ಡ್) 20, ಉಳಿದ 40ರಲ್ಲಿ ಹತ್ತು ಬಗೆಯ ಕಾರ್ಡ್, ತಲಾ ನಾಲ್ಕು. ಮೊದಲ ಆಟ ಸಲೀಸಾಗಿ ಗೆಲ್ಲುತ್ತೇನೆ. ಸೈಡ್‌ಬೋರ್ಡ್‌ನಿಂದ (ಆಟಗಳ ನಡುವೆ ಬದಲಿಸಿಕೊಳ್ಳಲು ಪಕ್ಕಕ್ಕಿಟ್ಟ ಕಾರ್ಡ್‌ಗಳಿಂದ) ಏಳೆಂಟು ಕಾರ್ಡ್ ತಂದ ಮೇಲೆ ಸೋಲು. ಎದುರಾಳಿಗೆ ತಕ್ಕ ಕಾರ್ಡ್‌ಗಳನ್ನೇ ತರುತ್ತಿದ್ದೇನಲ್ಲ, ತಪ್ಪೆಲ್ಲಿ?

ಉತ್ತರ: ಕಾರ್ಡ್‌ಗಳ ಆಯ್ಕೆ ಸರಿಯಿದೆ, ಸಂಖ್ಯೆ ಹೆಚ್ಚಾಗಿದೆ. ಎದುರಾಳಿಯ ಜೀವ 20. ನಿಮ್ಮ ಒಂದು ಬರ್ನ್ ಕಾರ್ಡ್ ಹೆಚ್ಚುಕಡಿಮೆ 3 ಕಳೆಯುತ್ತದೆ, ಅಂದರೆ ಏಳು ಕಾರ್ಡ್ ಬೇಕು. ನೀವು ಎರಡನೆಯವರಾಗಿ ಆಡಿದರೆ ನಾಲ್ಕನೇ ಸರದಿಗೆ ಕಂಡಿರುವುದು 11 ಕಾರ್ಡ್ (ಆರಂಭದ 7, ಸರದಿಗೊಂದರಂತೆ 4). ಸರಾಸರಿಯಲ್ಲಿ ಅದರಲ್ಲಿ ಲ್ಯಾಂಡ್ 3.7, ಉಳಿದವು 7.3. ಡೆಕ್ ನಿಂತಿರುವುದೇ ಈ ಅಂಚಿನ ಮೇಲೆ. 40ರಲ್ಲಿ ಎಂಟು ಕಾರ್ಡ್ ಹಾನಿ ಮಾಡದವಾದರೆ ಆ 7.3ರಲ್ಲಿ ಒಂದೂವರೆ ಅವೇ ಆಗಿರುತ್ತವೆ. ಸರದಿಗೆ ಒಂದೇ ಕಾರ್ಡ್ ಸಿಗುವ ಆಟದಲ್ಲಿ ಆ ಒಂದೂವರೆ ಎಂದರೆ ಒಂದೆರಡು ಸರದಿ ತಡ. ಅಷ್ಟು ಬಿಡುವು ಸಿಕ್ಕರೆ ಎದುರಾಳಿ ಚೇತರಿಸಿಕೊಳ್ಳುತ್ತಾರೆ.

ಆದ್ದರಿಂದ ಸೈಡ್‌ಬೋರ್ಡ್‌ನ 15 ಕಾರ್ಡ್ ಆರಿಸುವುದಕ್ಕೆ ಮುಂಚೆ, ಎದುರಾಗುವ ಒಂದೊಂದು ಡೆಕ್ಕಿನ ಮುಂದೆ ನಿಮ್ಮ 40ರಲ್ಲಿ ಯಾವುದು ದಂಡ ಎಂದು ಬರೆದುಕೊಳ್ಳಿ. ಸಿಯರಿಂಗ್ ಬ್ಲೇಜ್‌ಗೆ ಆಟಗಾರನ ಜೊತೆ ಅವರ ಕ್ರೀಚರ್ (ಜೀವಿ ಕಾರ್ಡ್) ಒಂದೂ ಗುರಿಯಾಗಿ ಬೇಕು. ಕ್ರೀಚರ್ ಇಲ್ಲದ ಡೆಕ್ ಎದುರು ಅದು ಕೈಯಲ್ಲೇ ಕೊಳೆಯುತ್ತದೆ, ನಾಲ್ಕೂ ಹೊರಗೆ. ಜೀವ ಹೆಚ್ಚಿಸಿಕೊಳ್ಳದ ಡೆಕ್ ಎದುರು ಸ್ಕಲ್‌ಕ್ರ್ಯಾಕ್ ಎರಡು ಮಾನಾಕ್ಕೆ ಬರೀ 3 ಹಾನಿ, ಅಂಥ ಕಡೆ ಅದೂ ಹೊರಗೆ. ಐಡೊಲಾನ್ ಆಫ್ ದ ಗ್ರೇಟ್ ರೆವೆಲ್ ಮೂರು ಅಥವಾ ಅದಕ್ಕಿಂತ ಕಡಿಮೆ ಮಾನಾ ಬೆಲೆಯ ಸ್ಪೆಲ್ (ಲ್ಯಾಂಡ್ ಅಲ್ಲದ ಕಾರ್ಡ್) ಆಡಿದವರಿಗೆ 2 ಹಾನಿ ಮಾಡುತ್ತದೆ, ಯಜಮಾನನೆಂಬ ದಾಕ್ಷಿಣ್ಯ ಅದಕ್ಕಿಲ್ಲ. ಎದುರಿಗೂ ಬರ್ನ್ ಡೆಕ್ಕೇ ಇದ್ದು ನೀವು ಎರಡನೆಯವರಾದರೆ ಅದನ್ನು ತೆಗೆಯಿರಿ, ಮೊದಲಿಗರಾದರೆ ಇರಲಿ.

ಹೀಗೆ ಬರೆದಾಗ ಹೆಚ್ಚಿನ ಡೆಕ್‌ಗಳ ಮುಂದೆ ಹೊರಗೆ ಹೋಗುವವು ನಾಲ್ಕೈದೇ. ಅಲ್ಲಿ ಒಳಗೆ ತರಲು ಎಂಟು ಕಾರ್ಡ್ ಇಟ್ಟುಕೊಂಡಿದ್ದರೆ ಮೂರ್ನಾಲ್ಕು ಜಾಗ ವ್ಯರ್ಥ. ಒಂದು ಮಾದರಿ: ಸ್ಮ್ಯಾಶ್ ಟು ಸ್ಮಿಥರೀನ್ಸ್ 4, ರೆಸ್ಟ್ ಇನ್ ಪೀಸ್ 3, ಪಾತ್ ಟು ಎಕ್ಸೈಲ್ 3, ರಾಯ್ಲಿಂಗ್ ವೋರ್ಟೆಕ್ಸ್ 3, ಡಿಫ್ಲೆಕ್ಟಿಂಗ್ ಪಾಮ್ 2. ಸ್ಮ್ಯಾಶ್ ಆರ್ಟಿಫ್ಯಾಕ್ಟ್ (ಯಂತ್ರ, ಆಯುಧದಂಥ ವಸ್ತು ಕಾರ್ಡ್) ಒಡೆಯುವುದರ ಜೊತೆಗೆ ಅದರ ಒಡೆಯನಿಗೆ 3 ಹಾನಿಯನ್ನೂ ಮಾಡುತ್ತದೆ. ಅದನ್ನು ನಾಲ್ಕೂ ತಂದರೂ ವೇಗ ಇಳಿಯದು. ಎಲ್ಲರ ಗ್ರೇವ್‌ಯಾರ್ಡ್ (ಬಳಸಿ ಮುಗಿದ ಕಾರ್ಡ್‌ಗಳ ರಾಶಿ) ಖಾಲಿ ಮಾಡುವ ರೆಸ್ಟ್ ಇನ್ ಪೀಸ್ ಸೊನ್ನೆ ಹಾನಿಯದು, ಅದನ್ನು ತರಲು ಕೈ ಬಿಗಿಯಿರಲಿ. ಒಳಜಗಳಗಳನ್ನೂ ನೋಡಿಕೊಳ್ಳಿ: ಗ್ರೇವ್‌ಯಾರ್ಡ್‌ನ ಕಾರ್ಡ್ ಬಳಸಿ ಹಾನಿ ಮಾಡುವ ಗ್ರಿಮ್ ಲಾವಾಮ್ಯಾನ್ಸರ್ ಇಟ್ಟಿದ್ದರೆ ರೆಸ್ಟ್ ಇನ್ ಪೀಸ್ ನಿಮ್ಮ ಗ್ರೇವ್‌ಯಾರ್ಡನ್ನೂ ಖಾಲಿ ಮಾಡಿ ಅದನ್ನು ಕಟ್ಟಿಹಾಕುತ್ತದೆ. ಸ್ಕಲ್‌ಕ್ರ್ಯಾಕ್ ಆಡಿದ ಸರದಿಯಲ್ಲಿ ಹಾನಿಯನ್ನು ತಡೆಯಲಾಗದು, ಹಾಗಾಗಿ ಅದೇ ಸರದಿಯಲ್ಲಿ ಹಾನಿ ತಡೆದು ತಿರುಗಿಸುವ ಡಿಫ್ಲೆಕ್ಟಿಂಗ್ ಪಾಮ್ ಹುಸಿ.

ಪ್ರಶ್ನೆ: ಗ್ರೇವ್‌ಯಾರ್ಡ್ ಡೆಕ್‌ಗಳ ಕಾಟ ತಡೆಯಲು ಇದೇ ಡೆಕ್ಕಿಗೆ ಲೇಲೈನ್ ಆಫ್ ದ ವಾಯ್ಡ್ ಎರಡು ಇಟ್ಟರೆ ಸಾಕೆ?

ಉತ್ತರ: ಬೇಡ. ಆರಂಭದ ಏಳು ಕಾರ್ಡ್‌ಗಳಲ್ಲಿ ಬಂದರೆ ಲೇಲೈನ್ ಪುಕ್ಕಟೆ. ಆಮೇಲೆ ಬಂದರೆ ಅದಕ್ಕೆ ನಾಲ್ಕು ಮಾನಾ, ಅದರಲ್ಲಿ ಎರಡು ಕಪ್ಪು. ಕೆಂಪು-ಬಿಳಿ ಡೆಕ್ಕಿಗೆ ಅದು ಎಂದೂ ಆಡಲಾಗದ ಕಾರ್ಡ್. 60 ಕಾರ್ಡ್‌ಗಳ ಡೆಕ್‌ನಲ್ಲಿ ಮೊದಲ ಏಳರಲ್ಲಿ ಒಂದಾದರೂ ಸಿಗುವ ಸಾಧ್ಯತೆ ಎರಡು ಪ್ರತಿ ಇದ್ದರೆ ಶೇ. 22, ಮೂರಕ್ಕೆ ಶೇ. 31.5, ನಾಲ್ಕಕ್ಕೆ ಸುಮಾರು ಶೇ. 40. ಲೇಲೈನ್ ಎಂದರೆ ನಾಲ್ಕೇ, ಇಲ್ಲವೇ ಬೇಡವೇ ಬೇಡ. ಅದನ್ನು ಹುಡುಕಿಕೊಂಡು ಮಲ್ಲಿಗನ್ ಮಾಡಿದರೆ (ಕೈಯ ಕಾರ್ಡ್‌ಗಳನ್ನು ಮರಳಿಸಿ ಹೊಸದಾಗಿ ಏಳು ಎಳೆದರೆ) ಪ್ರತಿ ಸಲವೂ ಒಂದು ಕಾರ್ಡ್ ಡೆಕ್ಕಿನ ತಳಕ್ಕೆ ಹೋಗುತ್ತದೆ, ಬರ್ನ್‌ಗೆ ಆ ನಷ್ಟ ತಡೆಯದು. ಎರಡು ಮಾನಾದ ರೆಸ್ಟ್ ಇನ್ ಪೀಸ್ ಯಾವಾಗ ಬಂದರೂ ಆಡಬಹುದು. ಮೂರು ಪ್ರತಿ ಇದ್ದರೆ, ಎರಡನೆಯವರಾಗಿ ಆಡುವಾಗ ಮೂರನೇ ಸರದಿಯೊಳಗೆ ಶೇ. 43ರ ಹತ್ತಿರ.

ಪ್ರಶ್ನೆ: ಬದಲಾವಣೆ ಮಾಡಿ ಹತ್ತು ಆಟ ಆಡಿ ನೋಡಿದೆವು, ಏಳು ಗೆದ್ದೆ. ಡೆಕ್ ಸುಧಾರಿಸಿದೆ ಎನ್ನಬಹುದೇ?

ಉತ್ತರ: ಇನ್ನೂ ಇಲ್ಲ. ಸರಿಸಮವಾಗಿ ಗೆಲ್ಲುವ-ಸೋಲುವ ಡೆಕ್ಕೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಶೇ. 17. ಅಂಕಕ್ಕಿಂತ ಟಿಪ್ಪಣಿ ಮೇಲು: ಸೋತಾಗ ಕೈಯಲ್ಲಿ ಉಳಿದಿದ್ದ ಕಾರ್ಡ್ ಯಾವುದು, ಸೈಡ್‌ಬೋರ್ಡ್‌ನಿಂದ ಬಂದದ್ದು ಆಟದಲ್ಲಿ ನಿಜಕ್ಕೂ ಏನು ಮಾಡಿತು. ಒಂದು ಸಲಕ್ಕೆ ಎರಡು ಮೂರು ಕಾರ್ಡ್‌ಗಿಂತ ಹೆಚ್ಚು ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ. ಸೈಡ್‌ಬೋರ್ಡ್ ಮಾಡಿದ ಮೇಲಿನ ಆಟಗಳನ್ನೇ ಹೆಚ್ಚು ಅಭ್ಯಾಸ ಮಾಡಿ. ಮೂರರಲ್ಲಿ ಎರಡು ಗೆಲ್ಲಬೇಕಾದ ಪಂದ್ಯದಲ್ಲಿ ಕನಿಷ್ಠ ಅರ್ಧ ಆಟ ಅವೇ. ಅವುಗಳಲ್ಲಿ ಮೊದಲಿಗರಾಗಿ ಅರ್ಧ, ಎರಡನೆಯವರಾಗಿ ಅರ್ಧ ಆಡಿ.

ಪ್ರಶ್ನೆ: ಎಷ್ಟು ತಂದೆನೋ ಅಷ್ಟೇ ತೆಗೆಯಬೇಕೇ? ಯೋಜನೆ ಬರೆದಿಟ್ಟ ಚೀಟಿ ನೋಡಬಹುದೇ?

ಉತ್ತರ: ಮುಖ್ಯ ಡೆಕ್ 60ಕ್ಕಿಂತ ಕಡಿಮೆಯಾಗಬಾರದು, ಸೈಡ್‌ಬೋರ್ಡ್ 15 ಮೀರಬಾರದು, ಅಷ್ಟೇ. ಬೇಸಿಕ್ ಲ್ಯಾಂಡ್ ಬಿಟ್ಟು ಯಾವ ಕಾರ್ಡ್ ಆದರೂ ಎರಡೂ ಕಡೆ ಸೇರಿ ನಾಲ್ಕೇ. ಚೀಟಿಯನ್ನು ಆಟಗಳ ನಡುವೆ ನೋಡಬಹುದು, ಚಿಕ್ಕದಾಗಿರಲಿ. ಆಟ ನಡೆಯುವಾಗ ನೋಡುವಂತಿಲ್ಲ. 15 ಕಾರ್ಡ್‌ಗೂ ಮುಖ್ಯ ಡೆಕ್‌ನಷ್ಟೇ ಸವೆದ ಸ್ಲೀವ್ (ಕಾರ್ಡ್ ಹೊದಿಕೆ) ಇರಲಿ, ಹೊಸ ಸ್ಲೀವ್ ಎದ್ದು ಕಂಡರೆ ಗುರುತು ಮಾಡಿದ ಕಾರ್ಡ್ ಎಂದು ದಂಡನೆಯಾಗಬಹುದು. ಬದಲಿಸುವಾಗ 15ನ್ನೂ ಡೆಕ್‌ಗೆ ಸೇರಿಸಿ, ಮತ್ತೆ 15 ಎಣಿಸಿ ಹೊರತೆಗೆಯಿರಿ. ಎಷ್ಟು ಬದಲಾಯಿತೆಂದು ಎದುರಾಳಿಗೆ ಗೊತ್ತಾಗುವುದಿಲ್ಲ. ಪಂದ್ಯ ಮುಗಿದ ಕೂಡಲೇ ಡೆಕ್ಕನ್ನು ಮೊದಲಿನ ಪಟ್ಟಿಯಂತೆ ಮಾಡಿಡಿ. ಮುಂದಿನ ಪಂದ್ಯದ ಮೊದಲ ಆಟಕ್ಕೆ ಸೈಡ್‌ಬೋರ್ಡ್ ಕಾರ್ಡ್ ಉಳಿದುಕೊಂಡಿದ್ದರೆ ಅದಕ್ಕೂ ದಂಡನೆ ಉಂಟು.