ಓದುಗರ ಪ್ರಶ್ನೆ: ನಾಣ್ಯ ಬೇಡದ ಆರ್ಕೇಡ್ ಆಟ

ಪ್ರಶ್ನೆ: ಪಿಯುಸಿ ಮುಗಿಸಿ ರಜೆಯಲ್ಲಿರುವ ಮಗನಿಗೆ ಕಂಪ್ಯೂಟರಿನಲ್ಲಿ ಆಡುವ ‘ಮೆಟಲ್ ಸ್ಲಗ್’ ಎಂಬ ಶೂಟಿಂಗ್ ಆಟವನ್ನು ಹಣ ಕೊಟ್ಟು ತೆಗೆಸಿಕೊಟ್ಟೆ. ಅವನು ಒಂದೇ ಸಂಜೆಯಲ್ಲಿ ಅದನ್ನು ಮುಗಿಸಿ, ‘ಇದರಲ್ಲಿ ಇನ್ನೇನೂ ಇಲ್ಲ ಅಪ್ಪ’ ಎಂದುಬಿಟ್ಟ. ನನ್ನ ವಯಸ್ಸಿನವರು ಮಾತ್ರ ಈ ಆಟವನ್ನು ಬಹಳ ಹೊಗಳುತ್ತಾರೆ. ಇದರಲ್ಲಿ ನಿಜಕ್ಕೂ ಸತ್ವವಿದೆಯೇ, ಅಥವಾ ಇದು ಹಳೆಯದರ ಮೇಲಿನ ಮೋಹವೇ?
— ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಮಗ ಆಟವನ್ನು ಮುಗಿಸಿರಬಹುದು, ಆದರೆ ಗೆದ್ದಿರುವುದು ಅನುಮಾನ. 1996ರಲ್ಲಿ ಜಪಾನಿನ ನಾಜ್ಕಾ ಸಂಸ್ಥೆ ಎಸ್‌ಎನ್‌ಕೆ ಕಂಪನಿಯ ನಿಯೋ ಜಿಯೋ ಯಂತ್ರಕ್ಕಾಗಿ ರೂಪಿಸಿದ ಈ ಆಟದಲ್ಲಿ ಇರುವುದು ಆರೇ ಹಂತಗಳು. ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಅಷ್ಟು ಸಾಕಾಗಿತ್ತು, ಏಕೆಂದರೆ ಜೀವಗಳು ಮುಗಿದ ಮೇಲೆ ಮುಂದುವರಿಯಬೇಕಾದರೆ ಮತ್ತೆ ಜೇಬಿಗೆ ಕೈ ಹಾಕಬೇಕಿತ್ತು, ಆ ಭಯವೇ ಆಟಗಾರನ ಕೈಯನ್ನು ಪಳಗಿಸುತ್ತಿತ್ತು. ಈಗಿನ ಆವೃತ್ತಿಗಳಲ್ಲಿ ಒಂದು ಗುಂಡಿ ಒತ್ತಿದರೆ ನಾಣ್ಯ ಬಿದ್ದಂತೆ ಲೆಕ್ಕ, ಬಿದ್ದ ಜಾಗದಿಂದಲೇ ಮತ್ತೆ ಹೊರಡಬಹುದು. ನಿಮ್ಮೂರಿನ ಮಾರಿಕಾಂಬಾ ಜಾತ್ರೆಯ ಬಲೂನು ಅಂಗಡಿಯಲ್ಲಿ ಗುಂಡಿಗೆ ಲೆಕ್ಕವೇ ಇಲ್ಲದಿದ್ದರೆ ಹಲಗೆಯ ಮೇಲಿನ ಬಲೂನುಗಳನ್ನೆಲ್ಲ ಯಾರು ಬೇಕಾದರೂ ಒಡೆದಾರು.

ಸತ್ವದ ಮಾತಿಗೆ ಬಂದರೆ, ಅದು ಧಾರಾಳವಾಗಿದೆ. ಚಿತ್ರಗಳ ಸೊಗಸನ್ನು ಎಲ್ಲರೂ ಹೊಗಳುತ್ತಾರೆ. ಶತ್ರು ಸೈನಿಕರು ನಿಮ್ಮನ್ನು ಕಾಣುವ ಮುನ್ನ ತಮ್ಮ ತಮ್ಮಲ್ಲೇ ಹರಟುತ್ತಿರುತ್ತಾರೆ, ಕಂಡೊಡನೆ ಕಿರುಚಿ ಓಡುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಸೆರೆಯಾಳುಗಳ ಏರ್ಪಾಡು. ದಾರಿಯುದ್ದಕ್ಕೂ ಕಟ್ಟಿಹಾಕಿರುವ ಗಡ್ಡಧಾರಿಗಳನ್ನು ಬಿಡಿಸಿದರೆ ಅವರು ಆಯುಧವನ್ನೋ ಮತ್ತೇನನ್ನೋ ಕೈಗಿತ್ತು ಓಡುತ್ತಾರೆ, ಹಂತದ ಕೊನೆಯಲ್ಲಿ ಅವರ ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಬಂದು ಅಂಕ ಸೇರುತ್ತದೆ. ನಡುವೆ ಒಮ್ಮೆ ಸತ್ತರೂ ಅಲ್ಲಿಯವರೆಗೆ ಬಿಡಿಸಿದವರ ಎಣಿಕೆ ಸೊನ್ನೆಗಿಳಿಯುತ್ತದೆ. ಹಾಗಾಗಿ ಸಾವಿಗೆ ನಾಣ್ಯವಲ್ಲದೆ ಇನ್ನೊಂದು ಬೆಲೆಯೂ ಇದೆ, ಮತ್ತು ಆ ಬೆಲೆ ಇಂದಿನ ಆವೃತ್ತಿಯಲ್ಲೂ ಹಾಗೆಯೇ ಉಳಿದಿದೆ. ನಿಮ್ಮ ಮಗ ಅಂಕವನ್ನು ಗಮನಿಸಿರಲಾರ.

ಇನ್ನು ಆಟಗಾರ ನಡುನಡುವೆ ಹತ್ತಿ ಓಡಿಸಬಲ್ಲ ಟ್ಯಾಂಕ್. ಮೊದಲ ಯೋಜನೆಯಲ್ಲಿ ಆಟದ ನಾಯಕ ಈ ಪುಟ್ಟ ಟ್ಯಾಂಕೇ ಆಗಿತ್ತು, ಸೈನಿಕರನ್ನು ನಾಯಕರನ್ನಾಗಿ ತಂದದ್ದು ಆ ಬಳಿಕ. ಈ ಬದಲಾವಣೆಯಿಂದ ಆಟಕ್ಕೆ ಒಂದು ಒಳ್ಳೆಯ ಗೊಂದಲ ದಕ್ಕಿತು. ನಡೆದು ಹೋಗುವವನು ಒಂದೇ ಪೆಟ್ಟಿಗೆ ಬೀಳುತ್ತಾನೆ, ಟ್ಯಾಂಕ್ ಮೂರು ಪೆಟ್ಟು ತಾಳುತ್ತದೆ, ಆದರೆ ಅದರ ಮೈ ದೊಡ್ಡದಾದ್ದರಿಂದ ಪೆಟ್ಟುಗಳೂ ಹೆಚ್ಚು ಬೀಳುತ್ತವೆ. ಸಿಡಿಯುವ ಮುನ್ನ ಹೊರಗೆ ಹಾರಿಕೊಳ್ಳುವುದು ಯಾವಾಗ ಎಂಬ ಲೆಕ್ಕಾಚಾರದಲ್ಲಿ ಕಳೆಯುವ ಕ್ಷಣಗಳೇ ಈ ಆಟದ ಅತ್ಯುತ್ತಮ ಕ್ಷಣಗಳು ಎಂದು ನನ್ನ ಎಣಿಕೆ.

ದೋಷಗಳೂ ಇವೆ, ಅವನ್ನು ಅಭಿಮಾನಿಗಳು ಮುಚ್ಚಿಡುತ್ತಾರೆ. ಸತ್ತು ಎದ್ದಾಗ ಮಷಿನ್‌ಗನ್ನೂ ರಾಕೆಟ್ಟೂ ಹೋಗಿ, ನಾಲ್ಕೇ ದಿಕ್ಕಿಗೆ ಹಾರಿಸಬಲ್ಲ ಪಿಸ್ತೂಲು ಮಾತ್ರ ಉಳಿಯುತ್ತದೆ. ಅಂದರೆ ಸೋಲುತ್ತಿರುವವನನ್ನೇ ಆಟ ಇನ್ನಷ್ಟು ದುರ್ಬಲಗೊಳಿಸುತ್ತದೆ. ಹಂತದ ಕೊನೆಯ ಬಾಸ್‌ಗಳು, ಅಂದರೆ ದೈತ್ಯ ಶತ್ರುಗಳು, ಬಹಳ ಗುಂಡು ನುಂಗುವುದರಿಂದ, ಬರಿಯ ಪಿಸ್ತೂಲಿನಲ್ಲಿ ಆ ಹೋರಾಟ ಬೇಸರ ತರಿಸುತ್ತದೆ. ಇನ್ನೊಂದು ವಿಚಿತ್ರವೂ ಉಂಟು: ಪ್ರತಿ ಹೊಸ ಜೀವಕ್ಕೂ ಹತ್ತು ಗ್ರೆನೇಡ್‌ಗಳು ಸಿಗುವುದರಿಂದ, ಮುಂದುವರಿಯಲು ಮಿತಿಯಿಲ್ಲದಿದ್ದಾಗ ಬಾಸ್‌ನನ್ನು ಕೆಡವುವ ಸುಲಭದ ದಾರಿಯೆಂದರೆ ಗ್ರೆನೇಡ್‌ಗಳನ್ನೆಲ್ಲ ಎಸೆದು ಸಾಯುವುದು, ಎದ್ದು ಮತ್ತೆ ಎಸೆಯುವುದು. ನಿಮ್ಮ ಮಗ ಹೀಗೆಯೇ ಮುಗಿಸಿದ್ದರೆ ಅವನಿಗೆ ಆಟದಲ್ಲಿ ಏನೂ ಕಾಣದಿದ್ದುದು ಸಹಜವೇ.

ಒಂದೇ ಕ್ರೆಡಿಟ್‌ನಲ್ಲಿ, ಅಂದರೆ ಒಮ್ಮೆಯೂ ಮುಂದುವರಿಸದೆ, ಮೂರನೆಯ ಹಂತ ದಾಟಿ ತೋರಿಸಲು ಅವನಿಗೆ ಹೇಳಿ. ಮುಂದಿನ ಭಾಗಗಳನ್ನು ಕೊಳ್ಳುವುದಾದರೆ 1998ರ ಎರಡನೆಯ ಭಾಗದ ಬದಲು, ಅದನ್ನೇ ತಿದ್ದಿ 1999ರಲ್ಲಿ ಹೊರತಂದ ‘ಮೆಟಲ್ ಸ್ಲಗ್ ಎಕ್ಸ್’ ಒಳಿತು. ಎರಡನೆಯ ಭಾಗದಲ್ಲಿ ಪರದೆಯ ಮೇಲೆ ಶತ್ರುಗಳು ಹೆಚ್ಚಿದೊಡನೆ ಇಡೀ ಆಟವೇ ಕುಂಟುತ್ತದೆ.

ಪ್ರಶ್ನೆ: ಇದೇ ಬಗೆಯ ಆಟಗಳನ್ನು ಮೊಬೈಲಿನಲ್ಲಿ ಆಡಿದರೆ ಸಾಲದೇ? ನಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ.
— ಓದುಗರೊಬ್ಬರು, ಜೋಯಿಡಾ

ಉತ್ತರ: ಸಾಲದು. ಒಂದೇ ಪೆಟ್ಟಿಗೆ ಸಾಯುವ ಆಟದಲ್ಲಿ ಬೆರಳಿಗೆ ಗುಂಡಿಯ ಸ್ಪರ್ಶ ಸಿಗಬೇಕು. ಮೊಬೈಲಿನ ಗಾಜಿನ ಮೇಲೆ ಅದು ಸಿಗುವುದಿಲ್ಲ, ಮೇಲಾಗಿ ಹೆಬ್ಬೆರಳೇ ಪರದೆಯ ಒಂದು ಮೂಲೆಯನ್ನು ಮರೆಮಾಡುತ್ತದೆ. ಗೇಮ್ ಕಂಟ್ರೋಲರ್ ಜೋಡಿಸಿಕೊಂಡರೆ ಮಾತು ಬೇರೆ. ನೆಟ್‌ವರ್ಕ್ ಕುರಿತು ಚಿಂತೆ ಬೇಡ, ಇಬ್ಬರು ಒಂದೇ ಪರದೆಯ ಮುಂದೆ ಕುಳಿತು ಒಟ್ಟಿಗೆ ಆಡುವಂತೆ ಮಾಡಿದ ಆಟಗಳು ಇವು.

ಪ್ರಶ್ನೆ: ಕಡಲತೀರದ ಐಎನ್‌ಎಸ್ ಚಪಲ್ ಯುದ್ಧನೌಕೆ ಸಂಗ್ರಹಾಲಯವನ್ನು ನೋಡಿ ಬಂದಾಗಿನಿಂದ ನನ್ನ ಎಂಟು ವರ್ಷದ ಮಗಳು ಯುದ್ಧದ ಆಟ ಬೇಕೆನ್ನುತ್ತಿದ್ದಾಳೆ. ಮೆಟಲ್ ಸ್ಲಗ್ ಕೊಡಬಹುದೇ?
— ಓದುಗರೊಬ್ಬರು, ಕಾರವಾರ

ಉತ್ತರ: ಈಗಲೇ ಬೇಡ. ವ್ಯಂಗ್ಯಚಿತ್ರದಂತೆ ಕಂಡರೂ ಅದರಲ್ಲಿ ಮನುಷ್ಯರೇ ಸಾಯುತ್ತಾರೆ, ರಕ್ತವೂ ಇದೆ. 1978ರ ‘ಸ್ಪೇಸ್ ಇನ್ವೇಡರ್ಸ್’ ಅಥವಾ 1981ರ ‘ಗ್ಯಾಲಗ’ ಸಾಕು. ಮೊದಲನೆಯದರಲ್ಲಿ ಶತ್ರುಗಳು ಕಡಿಮೆಯಾದಂತೆಲ್ಲ ಅವರ ವೇಗ ಏರುತ್ತದೆ. ಚಿತ್ರಗಳು ಕಡಿಮೆಯಾದಾಗ ಅಂದಿನ ನಿಧಾನದ ಪ್ರೊಸೆಸರ್ ಉಳಿದವನ್ನು ಬೇಗ ಚಲಿಸುತ್ತಿದ್ದುದರಿಂದ ಹಾಗಾಯಿತು, ಅದನ್ನು ಕಂಡ ನಿರ್ಮಾತೃ ತೊಮೊಹಿರೊ ನಿಶಿಕಾಡೊ ಹಾಗೆಯೇ ಉಳಿಸಿಕೊಂಡರು. ‘ಗ್ಯಾಲಗ’ದಲ್ಲಿ ಶತ್ರು ನಾಯಕ ನಿಮ್ಮ ನೌಕೆಯನ್ನು ಸೆರೆಹಿಡಿಯಬಲ್ಲ. ಅವನು ಕೆಳಗೆ ಎರಗುವಾಗ ಹೊಡೆದು ಅದನ್ನು ಬಿಡಿಸಿಕೊಂಡರೆ ಎರಡು ನೌಕೆಗಳು ಜೋಡಿಯಾಗಿ ಗುಂಡು ಹಾರಿಸುತ್ತವೆ. ಕೊನೆಯ ನೌಕೆ ಸೆರೆಯಾದರೆ ಮಾತ್ರ ಆಟ ಅಲ್ಲಿಗೇ ಮುಗಿಯುತ್ತದೆ, ಆದ್ದರಿಂದ ಮಗಳು ಈ ಸಾಹಸವನ್ನು ನೌಕೆಗಳು ಉಳಿದಿರುವಾಗಲೇ ಮಾಡಲಿ.